ಅಕ್ಷರದ ಅಳತೆ, ಮಿಲಿಸೆಕೆಂಡಿನ ಲೆಕ್ಕ: ಕನ್ನಡ ಓದಿನ ನೇತ್ರಚಲನೆಯ ಪ್ರಯೋಗಗಳಲ್ಲಿ ಸರಣಿ ಪ್ರೋಗ್ರಾಮಿಂಗ್

ಸಾರಾಂಶ: ಓದುಗನ ನೋಟವನ್ನು ಅನುಸರಿಸಿ ಪರದೆಯ ಪಠ್ಯವನ್ನು ಆ ಕ್ಷಣದಲ್ಲೇ ಬದಲಿಸುವ ಪ್ರಯೋಗಗಳಲ್ಲಿ ಕಂಪ್ಯೂಟರಿನ ವಿಳಂಬವು ಭಾಷಿಕ ಫಲಿತಾಂಶವನ್ನೇ ಕೆಡಿಸಬಲ್ಲದು. ಇಂಥ ಪ್ರೋಗ್ರಾಮುಗಳನ್ನು ಸರಣಿ ಪ್ರೋಗ್ರಾಮಿಂಗ್ ಎಲ್ಲಿ ವೇಗಗೊಳಿಸುತ್ತದೆ, ಎಲ್ಲಿ ವೇಗಗೊಳಿಸಲಾರದು ಎಂಬುದನ್ನು ಕನ್ನಡ ಲಿಪಿಯ ಅಕ್ಷರರಚನೆಯ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನವು ವಿವರಿಸುತ್ತದೆ. ಓದಿನ ಘಟಕವನ್ನು ಪ್ರಯೋಗಕ್ಕೆ ಮೊದಲೇ ಸರಣಿಯಾಗಿ ಲೆಕ್ಕಹಾಕಿಟ್ಟುಕೊಂಡರೆ ಪ್ರಯೋಗದ ವೇಳೆ ಮಾಡಬೇಕಾದ ಕೆಲಸ ಅತ್ಯಲ್ಪ ಎಂಬುದು ಇಲ್ಲಿನ ವಾದ.

ಪ್ರಮುಖ ಪದಗಳು: ನೇತ್ರಚಲನೆ, ಅಕ್ಷರ, ಸರಣಿ ಪ್ರೋಗ್ರಾಮಿಂಗ್, ವಿಳಂಬ, ಕನ್ನಡ ಲಿಪಿ

1. ಸಮಸ್ಯೆಯ ಸ್ವರೂಪ

ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ; ನಿಲ್ಲುತ್ತದೆ, ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ಒಂದೊಂದು ನಿಲುಗಡೆಯೂ ಸರಾಸರಿ 200ರಿಂದ 250 ಮಿಲಿಸೆಕೆಂಡುಗಳಷ್ಟು ಇರುತ್ತದೆ. ನಿಲುಗಡೆಗಳ ನಡುವಣ ಜಿಗಿತವು 20ರಿಂದ 40 ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಜಿಗಿತದ ಅವಧಿಯಲ್ಲಿ ಓದುಗನಿಗೆ ಹೊಸದಾಗಿ ಏನೂ ಕಾಣುವುದಿಲ್ಲವೆಂದೇ ಹೇಳಬಹುದು. ಓದಿನ ಮನೋಭಾಷಾವಿಜ್ಞಾನದ ಎರಡು ಮುಖ್ಯ ಪ್ರಯೋಗವಿಧಾನಗಳು ನಿಂತಿರುವುದು ಈ ಕ್ಷಣಿಕ ಕುರುಡಿನ ಮೇಲೆ. 1975ರಲ್ಲಿ ಮೆಕಾಂಕಿ ಮತ್ತು ರೇನರ್ ರೂಪಿಸಿದ ಚಲಿಸುವ ಕಿಟಕಿಯ ವಿಧಾನದಲ್ಲಿ ನೋಟ ಬಿದ್ದಲ್ಲಿ ಮಾತ್ರ ನಿಜವಾದ ಪಠ್ಯವಿದ್ದು ಉಳಿದೆಡೆ ಮರೆಯಿರುತ್ತದೆ. ಅದೇ ವರ್ಷ ರೇನರ್ ಪ್ರಕಟಿಸಿದ ಗಡಿರೇಖೆಯ ವಿಧಾನದಲ್ಲಿ, ಕಣ್ಣು ಒಂದು ಅದೃಶ್ಯ ಗೆರೆಯನ್ನು ದಾಟಿದೊಡನೆ ಮುಂದಿನ ಪದವು ಬದಲಾಗುತ್ತದೆ. ಇಂಗ್ಲಿಷ್ ಓದುಗರು ನೋಟದ ಎಡಕ್ಕೆ ಮೂರು ನಾಲ್ಕು ಅಕ್ಷರಗಳಿಂದಲೂ ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳಿಂದಲೂ ಉಪಯುಕ್ತ ಮಾಹಿತಿಯನ್ನು ಪಡೆಯುತ್ತಾರೆಂಬ, ಈಗ ಪಠ್ಯಪುಸ್ತಕದ ಮಾತಾಗಿರುವ ತಿಳಿವಳಿಕೆ ಕಿಟಕಿಯ ಪ್ರಯೋಗಗಳಿಂದ ಬಂದುದು.

ಎರಡೂ ವಿಧಾನಗಳಿಗೆ ಒಂದು ಷರತ್ತಿದೆ. ಪಠ್ಯದ ಬದಲಾವಣೆ ಕಣ್ಣು ಹಾರುತ್ತಿರುವಾಗಲೇ ಮುಗಿಯಬೇಕು. ಕಣ್ಣು ನಿಂತ ಮೇಲೆ ಬದಲಾವಣೆಯಾದರೆ ಓದುಗನು ಆ ಮಿಣುಕನ್ನು ಕಾಣುತ್ತಾನೆ ಮತ್ತು ಅವನ ನಿಲುಗಡೆ ದೀರ್ಘವಾಗುತ್ತದೆ. ಆ ದೀರ್ಘತೆಯನ್ನು ಸಂಶೋಧಕನು ಒತ್ತಕ್ಷರದ ಸಂಕೀರ್ಣತೆಗೋ ಸಂಧಿಗೋ ವಿಭಕ್ತಿಗೋ ಹೊಂದಿಸಿ ಬರೆದರೆ ಅದು ಭಾಷೆಯ ಬಗೆಗಿನ ಹೇಳಿಕೆಯೇ ಅಲ್ಲ, ಯಂತ್ರದ ಬಗೆಗಿನ ಹೇಳಿಕೆ. ಆದ್ದರಿಂದ ಪ್ರೋಗ್ರಾಮಿನ ವೇಗವನ್ನು ತಾಂತ್ರಿಕ ಸಹಾಯಕನಿಗೆ ಬಿಟ್ಟುಬಿಡಬಹುದಾದ ವಿಷಯವೆಂದು ಭಾಷಾವಿಜ್ಞಾನಿಯು ಭಾವಿಸಲಾಗದು.

ಕನ್ನಡಕ್ಕೆ ಬಂದಾಗ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನಲ್ಲಿದ್ದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷ್ ವರ್ಣಮಾಲೆಯ ಕಲಿಕೆಗೆ ಹೋಲಿಸಿದರೆ ಕನ್ನಡ ಮಕ್ಕಳ ಅಕ್ಷರಜ್ಞಾನ ನಿಧಾನವಾಗಿ, ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದು ತೋರಿಸಿತು. ಮಲ್ಲೇಶ್ವರಕ್ಕೆ ಅಂಟಿಕೊಂಡಂತಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಕಾಶ್ ಅಗರ್‌ವಾಲ್, ಕೆ.ವಿ.ಎಸ್. ಹರಿ ಮತ್ತು ಎಸ್.ಪಿ. ಅರುಣ್ ಅವರು ತೆಲುಗು ಮತ್ತು ಮಲಯಾಳ ಓದುಗರೊಂದಿಗೆ ನಡೆಸಿ 2019ರಲ್ಲಿ ಪ್ರಕಟಿಸಿದ ದೃಶ್ಯಶೋಧನೆಯ ಪ್ರಯೋಗಗಳು, ಓದುಬಲ್ಲ ಲಿಪಿಯಲ್ಲಿ ಅಕ್ಷರಗುಚ್ಛವನ್ನು ಅದರ ಬಿಡಿ ಅಕ್ಷರಗಳ ಮೊತ್ತವಾಗಿ ಗ್ರಹಿಸುವ ಪ್ರವೃತ್ತಿ ಹೆಚ್ಚುತ್ತದೆಂದು ತೋರಿಸಿದವು. ಎರಡೂ ಅಧ್ಯಯನಗಳಲ್ಲಿ ಕಿಟಕಿಯಾಗಲಿ ಗಡಿರೇಖೆಯಾಗಲಿ ಇಲ್ಲ. ಆದರೆ ಅಕ್ಷರವೇ ಗ್ರಹಿಕೆಯ ಘಟಕವೇ ಎಂಬ, ಇವೆರಡರಿಂದಲೂ ಸಹಜವಾಗಿ ಏಳುವ ಪ್ರಶ್ನೆಯನ್ನು ಓದಿನ ಹರಿವಿನಲ್ಲೇ ಪರೀಕ್ಷಿಸಬೇಕಾದರೆ ಆ ವಿಧಾನಗಳತ್ತ ಹೋಗಲೇಬೇಕು.

2. ಮೂರು ಬಡಾವಣೆಗಳ ಹೆಸರು

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಎಂಬ ಮೂರು ಪರಿಚಿತ ಹೆಸರುಗಳನ್ನು ತೆಗೆದುಕೊಳ್ಳೋಣ. ಯೂನಿಕೋಡಿನ ಲೆಕ್ಕದಲ್ಲಿ ಬಸವನಗುಡಿಯಲ್ಲಿ 8 ಸಂಕೇತಗಳಿವೆ, ಚಾಮರಾಜಪೇಟೆಯಲ್ಲಿ 10, ಮಲ್ಲೇಶ್ವರದಲ್ಲಿ 9. ಅಕ್ಷರಗಳ ಲೆಕ್ಕದಲ್ಲಿ ಇವು ಕ್ರಮವಾಗಿ 6, 6 ಮತ್ತು 4. ಸಂಕೇತಗಳ ಲೆಕ್ಕದಲ್ಲಿ ಬಸವನಗುಡಿಗಿಂತ ಉದ್ದವಾದ ಮಲ್ಲೇಶ್ವರ ಅಕ್ಷರಗಳ ಲೆಕ್ಕದಲ್ಲಿ ಅದಕ್ಕಿಂತ ಚಿಕ್ಕದು. ರೋಮನ್ ಲಿಪಿಗೆಂದು ಬರೆದ ಪ್ರೋಗ್ರಾಮು ಸಂಕೇತವನ್ನೇ ಅಕ್ಷರವೆಂದು ಭಾವಿಸುತ್ತದೆ. ಅಂಥ ಪ್ರೋಗ್ರಾಮಿಗೆ ನಾಲ್ಕು ಅಕ್ಷರಗಳ ಕಿಟಕಿ ತೆರೆಯೆಂದು ಹೇಳಿದರೆ ಮಲ್ಲೇಶ್ವರ ಎಂಬ ಪದದಲ್ಲಿ ಅದು ಮೊದಲ ನಾಲ್ಕು ಸಂಕೇತಗಳನ್ನು ತೋರಿಸುತ್ತದೆ. ಪರದೆಯ ಮೇಲೆ ಕಾಣುವುದು ‘ಮಲ್ಲ’. ಓದುಗನ ಮುಂದೆ ಊರಿನ ಭಾಗವಲ್ಲ, ಜಟ್ಟಿಯೊಬ್ಬ ಬಂದು ನಿಂತಿರುತ್ತಾನೆ. ಏಕಾರದ ಚಿಹ್ನೆಯು ಮರೆಯ ಕಡೆಗೆ ಹೋಗಿ ತಬ್ಬಲಿಯಾಗಿರುತ್ತದೆ. ಅರೆಮರೆಯಾದ ಪದವಲ್ಲ ಅದು, ಅರ್ಥವುಳ್ಳ ಬೇರೆಯೇ ಪದ. ಅಂಥ ದತ್ತಾಂಶದಿಂದ ಕನ್ನಡದ ಗ್ರಹಿಕೆಯ ವ್ಯಾಪ್ತಿ ಇಷ್ಟೆಂದು ಹೇಳುವುದು ಹೇಗೆ?

ಅರ್ಕಾವೊತ್ತಿನ ತೊಡಕು ಇನ್ನೂ ಕುತೂಹಲಕರ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ‘ಕಾರ್ಯದರ್ಶಿ’ ಎಂಬ ಪದದಲ್ಲಿ ಅದು ಎರಡು ಬಾರಿ ಬರುತ್ತದೆ. ಉಚ್ಚಾರಣೆಯಲ್ಲೂ ಸಂಕೇತಗಳ ಕ್ರಮದಲ್ಲೂ ರೇಫವು ಮೊದಲು, ಯಕಾರ ಶಕಾರಗಳು ಅನಂತರ. ಪರದೆಯ ಮೇಲೆ ರೇಫದ ಚಿಹ್ನೆ ವ್ಯಂಜನದ ಬಲಕ್ಕೆ ಬರುತ್ತದೆ. ನೋಟವು ಬಲತುದಿಗೆ ಬಿದ್ದಾಗ ಓದುಗನು ನೋಡುತ್ತಿರುವುದು ಧ್ವನಿಯ ಕ್ರಮದಲ್ಲಿ ಹಿಂದಿನದನ್ನು. ಇಂಥಲ್ಲಿ ಬಿಡಿ ಸಂಕೇತಕ್ಕೆ ನೋಟವನ್ನು ಹೊಂದಿಸುವುದು ಅರ್ಥಹೀನ. ಇಡೀ ಗುಚ್ಛವನ್ನು ಒಂದು ಘಟಕವೆಂದು ಹಿಡಿಯಬೇಕು.

3. ‘ಎರಡೆರಡು’ ಎಂಬ ಕ್ರಿಯೆ

ಸರಣಿ ಪ್ರೋಗ್ರಾಮಿಂಗ್ ಎಂದರೇನೆಂದು ಭಾಷಾವಿಜ್ಞಾನಿಗೆ ತಿಳಿಸಲು ಕನ್ನಡದ ದ್ವಿರುಕ್ತಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ‘ಪರಿಷೆಯಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಎರಡೆರಡು ಸೇರು ಕಡಲೆಕಾಯಿ ಕೊಡಿಸಿದರು’ ಎಂಬ ವಾಕ್ಯದಲ್ಲಿ ಮೊಮ್ಮಕ್ಕಳು ಎಷ್ಟೆಂದು ಹೇಳಿಲ್ಲ, ಯಾರಿಗೆ ಮೊದಲೆಂದೂ ಹೇಳಿಲ್ಲ. ‘ಎರಡೆರಡು’ ಎಂಬ ರೂಪವೇ ಹಂಚಿಕೆಯನ್ನು ಸೂಚಿಸುತ್ತದೆ. ಒಂದು ಸಂಖ್ಯೆಯು ಇಡೀ ಗುಂಪಿನ ಮೇಲೆ ಹರಡಿಕೊಳ್ಳುತ್ತದೆ. ಸಾಮಾನ್ಯ ಪ್ರೋಗ್ರಾಮಿನ ಲೂಪ್ ಇದನ್ನೇ ‘ಮೊದಲ ಮಗುವನ್ನು ಕರೆ, ಎರಡು ಸೇರು ಕೊಡು, ಮಕ್ಕಳು ಮುಗಿದರೇ ನೋಡು, ಮುಗಿಯದಿದ್ದರೆ ಮುಂದಿನ ಮಗುವನ್ನು ಕರೆ’ ಎಂದು ಹೇಳುತ್ತದೆ. ‘ಅವರವರ ವಯಸ್ಸಿಗೆ ತಕ್ಕಷ್ಟು’ ಎಂದರೆ ಎರಡು ಸರಣಿಗಳು ಜೊತೆಜೊತೆಯಾಗಿ ಸೇರುತ್ತವೆ.

ಗಣಕಭಾಷೆಗಳಲ್ಲಿ ಈ ದೃಷ್ಟಿಗೆ ಮೂಲಪುರುಷ ಕೆನೆತ್ ಐವರ್ಸನ್. 1962ರಲ್ಲಿ ‘ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಎಂಬ ಗ್ರಂಥದಲ್ಲಿ ಅವರು ಮಂಡಿಸಿದ ಸಂಕೇತಪದ್ಧತಿಯಿಂದ ಎಪಿಎಲ್ ಭಾಷೆ ಹುಟ್ಟಿತು. 1979ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಮುಂದೆ ರೋಜರ್ ಹುಯಿ ಅವರೊಡನೆ ರೂಪಿಸಿದ ಜೆ ಭಾಷೆಯಲ್ಲಿ ಐವರ್ಸನ್ ಪರಿಭಾಷೆಯನ್ನೇ ವ್ಯಾಕರಣದಿಂದ ಎರವಲು ಪಡೆದರು. ದತ್ತಾಂಶವು ನಾಮಪದ, ಕ್ರಿಯೆಯು ಕ್ರಿಯಾಪದ, ಕ್ರಿಯೆಯ ರೀತಿಯನ್ನು ಬದಲಿಸುವುದು ಕ್ರಿಯಾವಿಶೇಷಣ. ಇಂದು ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಪೈಥಾನ್ ಭಾಷೆಯ ನಂಪೈ ಸಂಗ್ರಹ. ಸರಣಿಯೊಂದರ ಮೇಲಿನ ಕ್ರಿಯೆಯನ್ನು ಅದು ಒಂದೇ ಬಾರಿ ಪೈಥಾನಿನಿಂದ ಪಡೆದುಕೊಂಡು, ಒಳಗೆ ಯಂತ್ರಭಾಷೆಗೆ ಇಳಿಸಿದ ಸಂಹಿತೆಯಲ್ಲಿ ನಡೆಸುತ್ತದೆ. ಒಂದೊಂದು ಸಂಖ್ಯೆಗೂ ‘ಇದು ಯಾವ ಜಾತಿಯದು’ ಎಂದು ವಿಚಾರಿಸುವ ಪೈಥಾನಿನ ಅಭ್ಯಾಸ ಅಲ್ಲಿಲ್ಲ. ಸರಣಿಯಲ್ಲಿರುವವೆಲ್ಲ ಒಂದೇ ಜಾತಿಯವು, ಸ್ಮೃತಿಯಲ್ಲಿ ಪಕ್ಕಪಕ್ಕದಲ್ಲಿ ಕೂತವು. ವೇಗದ ಗುಟ್ಟು ಬಹುಮಟ್ಟಿಗೆ ಇಷ್ಟೇ.

4. ಅಕ್ಷರವನ್ನು ಸರಣಿಯಾಗಿ ಬರೆಯುವುದು

ಮಲ್ಲೇಶ್ವರದ ಒಂಬತ್ತು ಸಂಕೇತಗಳು ಮ, ಲ, ವಿರಾಮ, ಲ, ಏಕಾರದ ಚಿಹ್ನೆ, ಶ, ವಿರಾಮ, ವ, ರ. ಇವುಗಳಲ್ಲಿ ಯಾವುದು ಹೊಸ ಅಕ್ಷರವನ್ನು ಆರಂಭಿಸುತ್ತದೆ? ಸಂಕೇತವು ವ್ಯಂಜನವೋ ಸ್ವತಂತ್ರ ಸ್ವರವೋ ಆಗಿರಬೇಕು, ಮತ್ತು ಅದರ ಹಿಂದಿನದು ವಿರಾಮವಾಗಿರಬಾರದು. ಮೊದಲ ಷರತ್ತು ಸತ್ಯಾಸತ್ಯಗಳ ಒಂದು ಸರಣಿಯನ್ನು ಕೊಡುತ್ತದೆ. ಎರಡನೆಯದಕ್ಕೆ ವಿರಾಮಗಳ ಸರಣಿಯನ್ನು ಒಂದು ಸ್ಥಾನ ಬಲಕ್ಕೆ ಸರಿಸಿ ನಿಷೇಧಿಸಿದರೆ ಸಾಕು. ಎರಡನ್ನೂ ಸೇರಿಸಿದಾಗ ದೊರೆಯುವ ಸರಣಿ 1, 1, 0, 0, 0, 1, 0, 0, 1. ಇದರ ಕೂಡುತ್ತ ಹೋಗುವ ಮೊತ್ತ 1, 2, 2, 2, 2, 3, 3, 3, 4. ಪ್ರತಿಯೊಂದು ಸಂಕೇತವೂ ಎಷ್ಟನೆಯ ಅಕ್ಷರಕ್ಕೆ ಸೇರಿದ್ದೆಂಬುದು ಲೂಪ್ ಇಲ್ಲದೆ, ‘ಒಂದುವೇಳೆ’ಗಳ ಸಾಲಿಲ್ಲದೆ ಸಿಕ್ಕಿತು. ‘ರಾಜ್‌ಕುಮಾರ್’ ಎಂದು ಜೋಡಣೆ ತಪ್ಪಿಸಿ ಬರೆದಲ್ಲಿ ಜಕಾರದ ವಿರಾಮಕ್ಕೂ ಕಕಾರಕ್ಕೂ ನಡುವೆ ಅದೃಶ್ಯ ಸಂಕೇತವೊಂದು ಇರುವುದರಿಂದ ಕಕಾರವು ಹೊಸ ಅಕ್ಷರವಾಗುತ್ತದೆ. ಕನ್ನಡಿಗನ ಕಣ್ಣೂ ಹಾಗೆಯೇ ಕಾಣುತ್ತದೆ. ಪದಾಂತ್ಯದ ‘ರ್’ ಪ್ರತ್ಯೇಕ ಘಟಕವೇ ಅಥವಾ ಹಿಂದಿನದರ ಬಾಲವೇ ಎಂಬುದು ಮಾತ್ರ ನಿಯಮದಿಂದ ತೀರ್ಮಾನವಾಗುವಂಥದಲ್ಲ. ಅದು ಸಂಶೋಧಕನ ಸಿದ್ಧಾಂತಕ್ಕೆ ಸೇರಿದ್ದು, ಲೇಖನದಲ್ಲಿ ಹೇಳಬೇಕಾದದ್ದು.

ಮುಂದಿನದು ಜ್ಯಾಮಿತಿ. ಪರದೆಯ ಮೇಲೆ ಪಠ್ಯವನ್ನು ಜೋಡಿಸುವ ತಂತ್ರಾಂಶವು ಪ್ರತಿಯೊಂದು ಆಕೃತಿಯ ಸ್ಥಾನವನ್ನೂ ಅದು ಯಾವ ಗುಚ್ಛಕ್ಕೆ ಸೇರಿದ್ದೆಂಬುದನ್ನೂ ತಿಳಿಸಬಲ್ಲದು. ಒಂದೇ ಅಕ್ಷರಸಂಖ್ಯೆಯುಳ್ಳ ಆಕೃತಿಗಳ ಎಡತುದಿಗಳಲ್ಲಿ ಕನಿಷ್ಠವನ್ನೂ ಬಲತುದಿಗಳಲ್ಲಿ ಗರಿಷ್ಠವನ್ನೂ ತೆಗೆದುಕೊಂಡರೆ ಅದೇ ಅಕ್ಷರದ ಚೌಕಟ್ಟು. ಅರ್ಕಾವೊತ್ತು ಎಲ್ಲಿ ಕೂತಿದ್ದರೂ ತನ್ನ ಚೌಕಟ್ಟಿನೊಳಗೇ ಬರುತ್ತದೆ. ಕೆಳಗಿಳಿಯುವ ಒತ್ತಕ್ಷರಗಳಿಗಾಗಿ ಸಾಲುಗಳ ನಡುವಣ ಅಂತರವನ್ನು ರೋಮನ್ ಪಠ್ಯಕ್ಕಿಂತ ಧಾರಾಳವಾಗಿ ಇಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತನ್ನು ನೋಡುತ್ತಿರುವ ಕಣ್ಣು ಕೆಳಗಿನ ಸಾಲಿನ ಲೆಕ್ಕಕ್ಕೆ ಬೀಳಬಹುದು.

ಚೌಕಟ್ಟುಗಳು ಸಿದ್ಧವಾದ ಮೇಲೆ ಪ್ರತಿ ಸಾಲಿಗೂ ಪರದೆಯ ಅಗಲದಷ್ಟು ಉದ್ದದ ಇನ್ನೊಂದು ಸರಣಿಯನ್ನು ತುಂಬಿಡಬಹುದು. 1920 ಚುಕ್ಕೆಗಳ ಅಗಲದ ಪರದೆಯಲ್ಲಿ ಪ್ರತಿಯೊಂದು ಚುಕ್ಕೆಯ ಎದುರಿಗೂ ಅಲ್ಲಿರುವ ಅಕ್ಷರದ ಸಂಖ್ಯೆ. ಹತ್ತು ಸಾಲುಗಳ ಪಠ್ಯಕ್ಕೆ 19,200 ಸಂಖ್ಯೆಗಳು, ಒಂದಕ್ಕೆ ಎರಡು ಬೈಟಿನಂತೆ 38,400 ಬೈಟುಗಳು. ಇಂದಿನ ಯಂತ್ರಕ್ಕೆ ಲೆಕ್ಕವೇ ಅಲ್ಲ. ನೋಟ ಬಂದಾಗ ‘ಇದು ಈ ಚೌಕಟ್ಟಿನೊಳಗಿದೆಯೇ, ಆ ಚೌಕಟ್ಟಿನೊಳಗಿದೆಯೇ’ ಎಂದು ಹುಡುಕುವ ಪ್ರಶ್ನೆಯೇ ಬರುವುದಿಲ್ಲ. ಸಾಲು ಮತ್ತು ಸ್ತಂಭವನ್ನು ಕೊಟ್ಟು ಅಕ್ಷರವನ್ನು ನೇರವಾಗಿ ಓದಿಕೊಳ್ಳಬಹುದು. ನಾಲ್ಕು ಅಕ್ಷರಗಳ ಕಿಟಕಿಯೆಂದರೆ ಆ ಸಂಖ್ಯೆಗೆ ನಾಲ್ಕನ್ನು ಕೂಡಿಸುವುದಷ್ಟೇ, ಮತ್ತು ಕಿಟಕಿ ಎಂದೂ ‘ಮಲ್ಲ’ನ ಬಳಿ ನಿಲ್ಲುವುದಿಲ್ಲ. ಪಠ್ಯವನ್ನು ಪ್ರತಿ ಬಾರಿಯೂ ಹೊಸದಾಗಿ ಜೋಡಿಸುವ ದುಬಾರಿ ಕೆಲಸವನ್ನೂ ಇದೇ ರೀತಿ ಮೊದಲೇ ಮುಗಿಸಿ, ಪೂರ್ಣ ಪಠ್ಯದ ಚಿತ್ರ ಮತ್ತು ಮರೆಯ ಚಿತ್ರಗಳೆರಡನ್ನೂ ಸ್ಮೃತಿಯಲ್ಲಿ ಇಟ್ಟುಕೊಳ್ಳುವುದು ಲೇಸು.

5. ವೇಗ ಎಲ್ಲಿ ಬೇಕು, ಎಲ್ಲಿ ಬೇಡ

ಸೆಕೆಂಡಿಗೆ 1000 ಬಾರಿ ಅಳೆಯುವ ಐ-ಟ್ರ್ಯಾಕರಿನಲ್ಲಿ ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ ಇರುವುದು ಒಂದು ಮಿಲಿಸೆಕೆಂಡ್. ಆ ಅವಧಿಯಲ್ಲಿ ಪ್ರೋಗ್ರಾಮು ತನ್ನ ಕೆಲಸ ಮುಗಿಸದಿದ್ದರೆ ಅಳತೆಗಳು ಬಾಗಿಲ ಬಳಿ ಸಾಲುಗಟ್ಟುತ್ತವೆ, ವಿಳಂಬ ಬೆಳೆಯುತ್ತ ಹೋಗುತ್ತದೆ. ಇಂಥ ಬೆಳವಣಿಗೆಗೆ ಹೆಚ್ಚಾಗಿ ಕಾರಣ ಒಂದೇ. ಪ್ರತಿ ಹೊಸ ಅಳತೆ ಬಂದಾಗಲೂ ಆರಂಭದಿಂದ ಅಲ್ಲಿಯವರೆಗಿನ ಎಲ್ಲ ಅಳತೆಗಳ ಮೇಲೂ ಕಣ್ಣಿನ ವೇಗವನ್ನು ಮರಳಿ ಲೆಕ್ಕಹಾಕುವುದು. 20 ಸೆಕೆಂಡುಗಳ ಓದಿನಲ್ಲಿ 20,000 ಅಳತೆಗಳು. ಹೀಗೆ ಮಾಡಿದರೆ ಒಟ್ಟು ಸುಮಾರು 20 ಕೋಟಿ ಲೆಕ್ಕಗಳು. ಪೈಥಾನಿನ ಲೂಪ್ ಓದಿನ ಕೊನೆಯ ಭಾಗದಲ್ಲಿ ಒಂದೊಂದು ಅಳತೆಗೂ ಹಲವು ಮಿಲಿಸೆಕೆಂಡುಗಳನ್ನು ತಿನ್ನುತ್ತದೆ. ಪ್ಯಾರಾದ ಮೊದಲ ವಾಕ್ಯದಲ್ಲಿ ಸರಿಯಾಗಿದ್ದ ಪ್ರಯೋಗ ಕೊನೆಯ ವಾಕ್ಯದಲ್ಲಿ ಕೆಟ್ಟಿರುತ್ತದೆ. ವಾಕ್ಯಸ್ಥಾನವನ್ನು ಅಧ್ಯಯನ ಮಾಡುವವರಿಗೆ ಇದಕ್ಕಿಂತ ಅಪಾಯಕಾರಿಯಾದ ದೋಷವಿಲ್ಲ.

ಎಂಗ್‌ಬರ್ಟ್ ಮತ್ತು ಕ್ಲಿಗ್ಲ್ 2003ರಲ್ಲಿ ಬಳಸಿದ ವೇಗದ ಸೂತ್ರ ಇಲ್ಲಿ ಉಪಯುಕ್ತ ಉದಾಹರಣೆ. ಒಂದು ಕ್ಷಣದ ವೇಗವೆಂದರೆ ಅದರ ಮುಂದಿನ ಎರಡು ಸ್ಥಾನಗಳ ಮೊತ್ತದಿಂದ ಹಿಂದಿನ ಎರಡು ಸ್ಥಾನಗಳ ಮೊತ್ತವನ್ನು ಕಳೆದು, ಅಳತೆಗಳ ನಡುವಣ ಅವಧಿಯ ಆರು ಪಟ್ಟಿನಿಂದ ಭಾಗಿಸಿದ್ದು. ಮುದ್ರಿತ ದತ್ತಾಂಶದ ಮೇಲೆ ಇದನ್ನು ಸರಣಿಯಾಗಿ ಬರೆಯುವುದು ಬಲು ಸುಲಭ: ಒಂದೇ ಸರಣಿಯ ನಾಲ್ಕು ಸರಿಸಿದ ನೋಟಗಳನ್ನು ಕೂಡಿ ಕಳೆದರಾಯಿತು. ಹೀಗೆ ಸರಿಸಿದ ನೋಟಗಳಿಗೆ ನಂಪೈ ದತ್ತಾಂಶವನ್ನು ನಕಲು ಮಾಡುವುದೂ ಇಲ್ಲ. ನೂರಾರು ಓದುಗರ ದತ್ತಾಂಶವನ್ನು ಪ್ರಯೋಗಾನಂತರ ವಿಶ್ಲೇಷಿಸುವಾಗ ಇದರ ಲಾಭ ದೊಡ್ಡದು. ಪ್ರಯೋಗ ನಡೆಯುತ್ತಿರುವಾಗ ಸಂಗತಿ ಬೇರೆ. ಆಗ ಬೇಕಾದದ್ದು ಕೊನೆಯ ಐದು ಅಳತೆಗಳು ಮಾತ್ರ. ನಂಪೈ ಕ್ರಿಯೆಯೊಂದನ್ನು ಕರೆಯುವುದಕ್ಕೇ ಸುಮಾರು ಒಂದು ಮೈಕ್ರೋಸೆಕೆಂಡಿನಷ್ಟು ವೆಚ್ಚವಿರುವುದರಿಂದ, ಐದು ಸಂಖ್ಯೆಗಳ ಮೇಲೆ ಅದನ್ನು ಹೂಡುವುದಕ್ಕಿಂತ ಸಾದಾ ಕೂಡಿಸು ಕಳೆಯುವಿಕೆಯೇ ಬೇಗ. ಸರಣಿಯೆಂದರೆ ಯಾವಾಗಲೂ ವೇಗವೆಂಬ ನಂಬಿಕೆ ಇಲ್ಲಿ ಸೋಲುತ್ತದೆ. ಐದು ಸ್ಥಾನಗಳ ಒಂದು ಸುತ್ತುಪಟ್ಟಿಯನ್ನಿಟ್ಟುಕೊಂಡು ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುವುದು ಸಾಕು.

ಆ ಸೂತ್ರದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಅದಕ್ಕೆ ಮುಂದಿನ ಎರಡು ಅಳತೆಗಳು ಬೇಕು, ಅಂದರೆ ಅವು ಬರುವವರೆಗೆ ಕಾಯಲೇಬೇಕು. 1000 ಹರ್ಟ್ಜ್‌ನಲ್ಲಿ ಈ ಕಾಯುವಿಕೆ 2 ಮಿಲಿಸೆಕೆಂಡ್. 60 ಹರ್ಟ್ಜ್ ಕ್ಯಾಮೆರಾದಲ್ಲಿ ಅದು 33 ಮಿಲಿಸೆಕೆಂಡ್, ಅಂದರೆ ಓದಿನ ಒಂದು ಇಡೀ ಜಿಗಿತದಷ್ಟು. ಪ್ರೋಗ್ರಾಮನ್ನು ಎಷ್ಟೇ ಚುರುಕುಗೊಳಿಸಿದರೂ ಇದು ಕರಗುವುದಿಲ್ಲ. ಅಗ್ಗದ ವೆಬ್‌ಕ್ಯಾಮೆರಾದಿಂದ ಗಡಿರೇಖೆಯ ಪ್ರಯೋಗ ಮಾಡುತ್ತೇವೆಂದು ಹೊರಡುವ ಸಂಶೋಧನಾ ಪ್ರಸ್ತಾವಗಳಿಗೆ ನಾನು ಕೇಳಬಯಸುವ ಮೊದಲ ಪ್ರಶ್ನೆ ಇದೇ.

ಹಾಗೆಂದು ಕ್ಯಾಮೆರಾಗಳನ್ನು ತಳ್ಳಿಹಾಕಬೇಕಾಗಿಲ್ಲ. ಮಾತು ಕೇಳುತ್ತ ಚಿತ್ರಗಳತ್ತ ನೋಡುವ, 1995ರಲ್ಲಿ ಟ್ಯಾನನ್‌ಹೌಸ್ ಮತ್ತು ಸಂಗಡಿಗರು ಪ್ರಸಿದ್ಧಿಗೆ ತಂದ ಮಾದರಿಯ ಪ್ರಯೋಗಗಳಿಗೆ ಅಷ್ಟು ಸೂಕ್ಷ್ಮ ಕಾಲಮಾನ ಬೇಡ. ಸರಣಿ ಪ್ರೋಗ್ರಾಮಿಂಗಿನ ನಿಜವಾದ ಗೆಲುವು ಕಾಣುವುದೂ ಅಲ್ಲಿಯೇ. 640 ಅಡ್ಡ, 480 ಉದ್ದದ ಒಂದು ಚಿತ್ರದಲ್ಲಿ 3,07,200 ಚುಕ್ಕೆಗಳಿವೆ. ಕಣ್ಣಪಾಪೆಯನ್ನು ಹುಡುಕಲು ಒಂದೊಂದು ಚುಕ್ಕೆಯನ್ನೂ ಪೈಥಾನಿನ ಲೂಪ್‌ನಲ್ಲಿ ವಿಚಾರಿಸಿದರೆ ಹತ್ತಾರು ಮಿಲಿಸೆಕೆಂಡುಗಳು ಹೋಗುತ್ತವೆ. ಮುಂದಿನ ಚಿತ್ರ ಅಷ್ಟರಲ್ಲಿ ಬಂದು ಕಾಯುತ್ತಿರುತ್ತದೆ. ಸರಣಿಯ ರೀತಿಯಲ್ಲಾದರೆ ಇಡೀ ಚಿತ್ರವನ್ನು ಒಂದು ಮಿತಿಮೌಲ್ಯದೊಡನೆ ಹೋಲಿಸಿ ಕಪ್ಪು ಚುಕ್ಕೆಗಳ ನಕ್ಷೆಯನ್ನು ಪಡೆಯಬಹುದು. ಆ ನಕ್ಷೆಯನ್ನು ಸ್ತಂಭವಾರು ಕೂಡಿದರೆ 640 ಸಂಖ್ಯೆಗಳು, ಸಾಲುವಾರು ಕೂಡಿದರೆ 480. ಆಯಾ ಸ್ಥಾನಸಂಖ್ಯೆಯಿಂದ ಗುಣಿಸಿ ಒಟ್ಟು ಮೊತ್ತದಿಂದ ಭಾಗಿಸಿದರೆ ಪಾಪೆಯ ಕೇಂದ್ರ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಇದು ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುವ ಕೆಲಸ. ನಮ್ಮಲ್ಲಿ ಬಹುಪಾಲು ಜನರ ಕಣ್ಣು ಗಾಢ ಕಂದು ಬಣ್ಣದ್ದಾದ್ದರಿಂದ ಸಾಮಾನ್ಯ ಬೆಳಕಿನಲ್ಲಿ ಪಾಪೆಗೂ ಅದರ ಸುತ್ತಲಿನ ವಲಯಕ್ಕೂ ವ್ಯತ್ಯಾಸ ಕಡಿಮೆ. ಅವಕೆಂಪು ಬೆಳಕಿನಲ್ಲಿ ಕಂದು ವಲಯ ತಿಳಿಯಾಗಿ ಕಂಡು ಪಾಪೆ ಬೇರ್ಪಡುತ್ತದೆ. ಮಿತಿಮೌಲ್ಯದ ಉಪಾಯ ನೆಚ್ಚಬಹುದಾದದ್ದು ಅಂಥ ಬೆಳಕಿನಲ್ಲಿ.

ಚಿತ್ರದ ಚುಕ್ಕೆಗಳು 0ಯಿಂದ 255ರವರೆಗಿನ ಸಂಖ್ಯೆಗಳೆಂಬುದನ್ನೂ ಮರೆಯಬಾರದು. ಅದೇ ಜಾತಿಯ ಸರಣಿಯಲ್ಲಿ 40ರಿಂದ 60ನ್ನು ಕಳೆದರೆ ಬರುವುದು ಋಣ 20 ಅಲ್ಲ, 236. ಯಂತ್ರವು ಎಚ್ಚರಿಕೆ ಕೊಡದೆ ಮುಂದುವರಿಯುತ್ತದೆ, ಕಪ್ಪು ಪಾಪೆ ಬೆಳ್ಳಗಾಗುತ್ತದೆ. ಕಳೆಯುವ ಮೊದಲು ಚಿಹ್ನೆಯುಳ್ಳ ಜಾತಿಗೆ ಬದಲಿಸಿಕೊಳ್ಳಬೇಕು.

6. ಸರಾಸರಿಯಲ್ಲ, ಅತಿ ಕೆಟ್ಟ ಸಂದರ್ಭ

ಸರಣಿಯ ಪ್ರತಿಯೊಂದು ಕ್ರಿಯೆಯೂ ಸಾಮಾನ್ಯವಾಗಿ ಉತ್ತರಕ್ಕೆಂದು ಹೊಸ ಜಾಗವನ್ನು ಕೇಳುತ್ತದೆ. ಜಾಗ ಒದಗಿಸುವುದು, ಬಳಸಿ ಬಿಟ್ಟದ್ದನ್ನು ಗುಡಿಸುವುದು ಯಾವ ಕ್ಷಣದಲ್ಲಿ ನಡೆಯುತ್ತದೆಂದು ಮೊದಲೇ ಹೇಳಲಾಗದು. ಸರಾಸರಿ ವೇಗ ಉತ್ತಮವಾಗಿದ್ದೂ ಸಾವಿರದಲ್ಲಿ ಒಮ್ಮೆ ದೀರ್ಘ ವಿಳಂಬವಾಗಬಹುದು. ಉತ್ತರಕ್ಕೆ ಬೇಕಾದ ಸರಣಿಗಳನ್ನು ಪ್ರಯೋಗಕ್ಕೆ ಮೊದಲೇ ಕಾದಿರಿಸಿ ಪ್ರತಿ ಬಾರಿಯೂ ಅವುಗಳಲ್ಲೇ ಬರೆಯುವಂತೆ ಸೂಚಿಸುವುದು, ಓದು ನಡೆಯುತ್ತಿರುವಷ್ಟು ಹೊತ್ತು ಪೈಥಾನಿನ ಗುಡಿಸುವಿಕೆಯನ್ನು ನಿಲ್ಲಿಸಿ ಎರಡು ಪಠ್ಯಗಳ ನಡುವಣ ವಿರಾಮದಲ್ಲಿ ನಡೆಸುವುದು, ಇವೆರಡರಿಂದ ಆ ಹಠಾತ್ ವಿಳಂಬಗಳು ಬಹಳಷ್ಟು ತಗ್ಗುತ್ತವೆ.

ಇಷ್ಟಾದ ಮೇಲೂ ಪರದೆ ಉಳಿದಿದೆ. 60 ಹರ್ಟ್ಜ್ ಪರದೆಯು 16.7 ಮಿಲಿಸೆಕೆಂಡಿಗೊಮ್ಮೆ ಮಾತ್ರ ಹೊಸ ಚಿತ್ರವನ್ನು ತೋರಿಸುತ್ತದೆ; ಕೆಟ್ಟ ಗಳಿಗೆಯಲ್ಲಿ ಸಿಕ್ಕರೆ ಜಿಗಿತದ ಅರ್ಧಕ್ಕೂ ಹೆಚ್ಚು ಅವಧಿ ಇಲ್ಲೇ ಕಳೆಯುತ್ತದೆ. 144 ಹರ್ಟ್ಜ್ ಪರದೆಯಲ್ಲಿ ಇದು 6.9 ಮಿಲಿಸೆಕೆಂಡ್. ಅಕ್ಷರದ ಹುಡುಕಾಟವನ್ನು ಐವತ್ತು ಮೈಕ್ರೋಸೆಕೆಂಡಿನಿಂದ ಒಂದಕ್ಕೆ ಇಳಿಸಿದ ಸಂಭ್ರಮಕ್ಕಿಂತ ಪರದೆಯನ್ನು ಬದಲಿಸಿದ್ದರಿಂದ ದೊರೆಯುವ ಲಾಭ ಹೆಚ್ಚು. ಯಾವುದನ್ನು ಚುರುಕುಗೊಳಿಸಬೇಕೆಂದು ಅಳೆದು ನೋಡಿದ ಮೇಲೆಯೇ ತೀರ್ಮಾನಿಸತಕ್ಕದ್ದು.

ಪ್ರೋಗ್ರಾಮಿನೊಳಗಿನ ಗಡಿಯಾರಕ್ಕೆ ಪರದೆಯ ಮೇಲೆ ನಿಜವಾಗಿ ಬೆಳಕು ಬದಲಾದದ್ದು ಗೊತ್ತಾಗುವುದಿಲ್ಲ. ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಚೌಕವನ್ನು ಪಠ್ಯದೊಡನೆಯೇ ಬಿಳಿಯಿಂದ ಕಪ್ಪಿಗೆ ಬದಲಾಗುವಂತೆ ಮಾಡಿ, ಅದರ ಮೇಲೆ ಫೋಟೊಡಯೋಡ್ ಇಟ್ಟು, ಕಣ್ಣು ಗೆರೆ ದಾಟಿದ ಕ್ಷಣದಿಂದ ಬೆಳಕು ಬದಲಾದ ಕ್ಷಣದವರೆಗಿನ ಅವಧಿಯನ್ನು ದಾಖಲಿಸಬಹುದು. ಲೇಖನದಲ್ಲಿ ಈ ಅವಧಿಯ ಸರಾಸರಿಯನ್ನಷ್ಟೇ ಕೊಡದೆ ಹರವನ್ನೂ ಗರಿಷ್ಠವನ್ನೂ ಕೊಡಬೇಕು. ಬದಲಾವಣೆ ಮುಗಿಯುವ ಮೊದಲೇ ಹೊಸ ನಿಲುಗಡೆ ಆರಂಭವಾದ ಪ್ರಯತ್ನಗಳನ್ನು ಕೈಬಿಡಬೇಕು, ಮತ್ತು ಎಷ್ಟನ್ನು ಕೈಬಿಡಲಾಯಿತೆಂಬುದನ್ನು ಸರಳ ಅಕ್ಷರಗಳ ಪದಗಳಿಗೂ ಒತ್ತಕ್ಷರಗಳ ಪದಗಳಿಗೂ ಬೇರೆ ಬೇರೆಯಾಗಿ ತಿಳಿಸಬೇಕು. ಸಂಯುಕ್ತಾಕ್ಷರವಿರುವ ಪದಗಳ ಕಡೆಗಿನ ಜಿಗಿತಗಳು ಚಿಕ್ಕವಾದರೆ ಅವುಗಳ ಅವಧಿಯೂ ಕಡಿಮೆಯಾಗುತ್ತದೆ. ಆಗ ತಡವಾದ ಬದಲಾವಣೆಗಳು ಎರಡು ಗುಂಪುಗಳಲ್ಲಿ ಸಮನಾಗಿ ಹಂಚಿಹೋಗುವುದಿಲ್ಲ.